ಬರೆದುಕೊಂಡು ಹೋದವರ ಋಣ

ಜ್ಞಾನವನ್ನರಸಿ ಪರನಾಡಿಗೆ ಹೋದವನು ಅಲ್ಲಿಯ ಜನರಿಗೆ ಏನನ್ನು ಕೊಡಬೇಕು? ವಸತಿಯ ಬಾಡಿಗೆ ಕೊಟ್ಟು, ಕೈಮುಗಿದು ಬಂದರೆ ತೀರಿತೆ? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತ, ವರುಷ ವರುಷವೂ ವಿದ್ಯಾರ್ಥಿಗಳನ್ನು ಹಾಡು ಬರೆದುಕೊಂಡು ಬರಲು ಹಳ್ಳಿಗಳಿಗೆ ಕಳಿಸುವ ನನ್ನಂಥವನಿಗೆ ಇದನ್ನು ತಳ್ಳಿಹಾಕಲು ಬರುವುದಿಲ್ಲ.

ಕೆನಡಾದ ರಿಚರ್ಡ್ ಲೀ ಎಂಬ ವಿದ್ಯಾರ್ಥಿಯ ಸಂಗತಿಯನ್ನು ನೋಡಿರಿ. 1963ರಲ್ಲಿ ಅವನು ಅಮೇರಿಕೆಯ ಬರ್ಕ್‌ಲಿ ವಿಶ್ವವಿದ್ಯಾಲಯದಿಂದ ಆಫ್ರಿಕೆಯ ಕಲಹರಿ ಮರುಭೂಮಿಗೆ, ಇಂದು ಬೋಟ್ಸ್ವಾನಾ ಎನಿಸಿಕೊಂಡಿರುವ ದೇಶದ ದೋಬೆ ಎಂಬಲ್ಲಿಗೆ ಹೋದ. ಬೇಟೆಯಾಡಿ, ಕಾಯಿ-ಗಡ್ಡೆ ಆಯ್ದು ಬಾಳುವ ಕುಂಗ್ ಜನರು ಹೊಟ್ಟೆ ಹೊರೆಯುವ ಬಗೆಯನ್ನು ತಿಳಿಯುವುದೇ ಅವನ ಅಭ್ಯಾಸದ ವಿಷಯ. ಅವರು ತಾವಾಗಿ ಗಳಿಸಿ ತಿನ್ನುವುದೆಷ್ಟೆಂದು ಅಳೆಯಬೇಕಾದರೆ ಅವರಿಗೆ ಅವನು ಆಹಾರ ಕೊಡಕೂಡದು. ತಂಬಾಕು ಕೊಟ್ಟ, ಔಷಧ ಕೊಟ್ಟ, ತುತ್ತು ಕೊಡಲಿಲ್ಲ. ಅವನ ಬಿಡಾರದಲ್ಲಿ ಎರಡು ತಿಂಗಳಿಗಾಗುವಷ್ಟು ಡಬ್ಬಿಯ ಆಹಾರ. ಎದುರಿನ ಗುಡಿಸಲಲ್ಲಿ ಒಂದು ದಿನಕ್ಕಾಗುವಷ್ಟು ಇದ್ದರೆ ಅದೇ ಅಪರೂಪ.

ನಮ್ಮ ಕಡೆ ಹೊಸಬನೊಬ್ಬ ಹೊಸ್ತಿಲು ತುಳಿದರೆ ಮೊದಲ ಮಾತು “ಊಟ ಆತೇನ್ರಿ?” ಎಂಬುದೇ. 1876-78ರ ಬರವನ್ನು ಕಂಡ ಸೀಮೆ ಇದು. ಹಸಿವೆಂದರೇನೆಂದು ಇಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಉಂಡವನು ಹಸಿದವನ ಮುಂದೆ ತಕ್ಕಡಿ ಹಿಡಿದು ಕುಳಿತನೆಂದು ನಾಲತವಾಡದ ಕಟ್ಟೆಯ ಮೇಲೆ ಹೇಳಿದರೆ, ‘ಅದೆಂಥಾ ವಿದ್ಯೆ?’ ಎಂದಾರು.

ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. 1964 ಆ ನಾಡಿನಲ್ಲಿ ಬರಗಾಲ. ದನ ಸಾಕಿದ ನೆರೆಯ ಹೆರೆರೊ ಜನ ಸಂಕಟಕ್ಕೆ ಬಿದ್ದು, ಅವರ ಹೆಂಗಸರು ಕುಂಗ್ ಹೆಂಗಸರ ಜೊತೆ ಅಡವಿಗೆ ಆಯಲು ಹೊರಟರು. ಮೊಂಗೊಂಗೊ ಎಂಬ ಕಾಯಿಯ ಬೀಜವನ್ನು ನೆಚ್ಚಿದ ಕುಂಗರಾದರೋ ವಾರಕ್ಕೆ ಎರಡು ಮೂರು ದಿನ ದುಡಿದು ಬದುಕಿದ್ದರು. ಬೇಟೆಯ ಜನವೆಂದರೆ ಸದಾ ಹಸಿದವರು ಎಂಬ ಪಂಡಿತರ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು. ಲೀ ದಿನವೂ ಡಬ್ಬಿ ಒಡೆದು ಹಂಚಿದ್ದರೆ ಆ ಜನರ ಈ ಜಾಣತನ ಲೆಕ್ಕಕ್ಕೆ ಸಿಗುತ್ತಿತ್ತೆ? ಕೊಡದೆ ಇದ್ದುದರಿಂದಲೇ ಅವರಿಗೊಂದು ಮಾನ ದೊರೆಯಿತೆನ್ನಬೇಕು. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಆ ನೇಮವನ್ನು ಹಾಕಿಕೊಂಡವನು ಉಂಡವನು. ನಡೆದದ್ದು ಹಸಿವಿನ ಮೇಲೆ.

ಆ ವರುಷದ ಕ್ರಿಸ್ಮಸ್ಸಿಗೆ ಅವನು ಕೊಬ್ಬಿದ ಎತ್ತೊಂದನ್ನು ಕೊಂಡು ಊಟ ಹಾಕಿಸಿದ. ‘ಎಲುಬಿನ ಚೀಲ ತಂದೆ’ ಎಂದು ಊರೆಲ್ಲ ಹಾಸ್ಯಮಾಡಿತು. ಕೊಟ್ಟವನು ಮೆರೆಯಬಾರದೆಂದು ಅವರು ಹಾಗೆ ಹೀಯಾಳಿಸುವರೆಂಬುದು ಅವನಿಗೆ ಆಮೇಲೆ ತಿಳಿಯಿತು. ಒಂದು ಎತ್ತಿನಿಂದ ಲೆಕ್ಕ ಚುಕ್ತಾ ಆಗದು ಎಂಬ ಅರ್ಥವನ್ನೂ ನಾನು ಅದರಲ್ಲಿ ಕಾಣುತ್ತೇನೆ. 2017ರಲ್ಲಿ ದಕ್ಷಿಣ ಆಫ್ರಿಕೆಯ ಸ್ಯಾನ್ ಜನರು, ಎಂದರೆ ಕುಂಗರ ಬಳಗದವರೇ, ತಮ್ಮನ್ನು ಅಭ್ಯಸಿಸಲು ಬರುವವರಿಗೆ ತಾವೇ ನಿಯಮಗಳನ್ನು ಬರೆದರು: ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಕ್ರಮ. ಕರಾರಿಗೆ ಈಗ ಎರಡು ಕೈಗಳಾದವು.

ನಮ್ಮ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನಿಂತು ಅಭ್ಯಸಿಸಿದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾಗಲು, ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಅದರಲ್ಲಿ ಊರಿಗೆ ಇಟ್ಟ ಹೆಸರು ರಾಂಪುರ, ನಿಜದ ಹೆಸರಲ್ಲ. ಜನರ ಮಾನ ಕಾಯಲು ಹೆಸರು ಮರೆಸುವುದು ಸರಿಯೇ. ಆದರೆ ಹಾಡಿದವಳ ಹೆಸರನ್ನು ನಾವು ಕೈಬಿಡುವುದು ಯಾರ ಮಾನ ಕಾಯಲು? ಬಹುಮಟ್ಟಿಗೆ ಅದು ಸೋಮಾರಿತನ.

ನಾಲತವಾಡದಲ್ಲಿ ಮುದುಕಿಯೊಬ್ಬಳು ನನ್ನ ವಿದ್ಯಾರ್ಥಿನಿಗೆ ಬೀಸುವ ಪದಗಳನ್ನು ಹೇಳಿ, “ನಮ್ಮ ಹಾಡ ಒಯ್ತಿ, ಒಯ್ಯವಾ. ನಿಮ್ಮವ್ವಂದೊಂದು ಹೇಳಿ ಹೋಗು” ಎಂದಳಂತೆ.

“ನಮ್ಮವ್ವಗ ಬರಂಗಿಲ್ಲಬೇ.”

“ಕೇಳಿದೇನ?”

ಹುಡುಗಿ ಕೇಳಿರಲಿಲ್ಲ. ಮನೆಗೆ ಹೋಗಿ ಕೇಳಿದರೆ ತಾಯಿಗೆ ಹನ್ನೊಂದು ಪದ ಬರುತ್ತಿದ್ದವು. ಅವುಗಳಲ್ಲೊಂದನ್ನು ಕಲಿತು, ಬರೆದುಕೊಂಡ ವಹಿಯನ್ನೂ ಹಿಡಿದು ಅವಳು ತಿರುಗಿ ಹೋದಳು. ಮುದುಕಿ ವಹಿಯನ್ನು ಪೂರ್ತಿ ಓದಿಸಿ ಕೇಳಿ, ಮೂರು ಕಡೆ ಮಾತು ತಿದ್ದಿಸಿ, ತವರಿನ ಸುದ್ದಿಯಿದ್ದ ಒಂದು ಪದವನ್ನು ಹೊಡೆದುಹಾಕಿಸಿದಳು. ಹೊಡೆದುಹಾಕಿದ ಆ ಪದವೇ ಎಲ್ಲಕ್ಕಿಂತ ಚೆಲುವಾಗಿತ್ತೆಂದು ಹುಡುಗಿ ಹೇಳುತ್ತಾಳೆ. ನಾನು ಅದನ್ನು ಕೇಳಿಲ್ಲ.