ದಿನದ ಕಾಯಕಕ್ಕೊಂದು ಅಳತೆ

ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವ ಭಕ್ತನು ಮೊದಲು ಸ್ಥಳವನ್ನು ಶುದ್ಧಗೊಳಿಸುವನು. ಮಣೆ, ಅಗ್ಘವಣಿ, ವಿಭೂತಿ, ಪತ್ರೆಪುಷ್ಪಗಳೆಲ್ಲವನ್ನೂ ಕೈಗೆಟಕುವಂತೆ ಇರಿಸಿಕೊಂಡ ಮೇಲೆಯೇ ಕರಸ್ಥಲದ ಲಿಂಗದಲ್ಲಿ ದೃಷ್ಟಿಯಿಡುವನು. ಪೂಜೆಯ ನಡುವೆ ವಿಭೂತಿಗಾಗಿ ಎದ್ದುಹೋದವನ ಮನಸ್ಸು ಮರಳಿ ನೆಲೆಗೊಳ್ಳಲು ಎಷ್ಟು ಹೊತ್ತು ಬೇಕೆಂಬುದನ್ನು ಅನುಭವಸ್ಥರು ಬಲ್ಲರು. ಆದರೆ ಅದೇ ಭಕ್ತನು ಅಂಗಡಿಗೋ ಕಚೇರಿಗೋ ಹೊರಟೊಡನೆ ಈ ಶಿಸ್ತೆಲ್ಲವನ್ನೂ ಪೂಜೆಯ ಕೋಣೆಯಲ್ಲಿಯೇ ಬಿಟ್ಟು ಹೋಗುವನಲ್ಲ! ಮೇಜಿನ ಮೇಲೆ ನಿನ್ನೆಯ ಕಾಗದಗಳು, ಅವುಗಳಡಿಯಲ್ಲಿ ಮೊನ್ನೆಯವು. ಲೆಕ್ಕದ ಪುಸ್ತಕದ ಮಗ್ಗುಲಲ್ಲಿ ಕ್ಷಣಕ್ಕೊಮ್ಮೆ ಮಿನುಗುವ ಮೊಬೈಲು. ಶರಣರು ಕಾಯಕವನ್ನು ಪೂಜೆಗಿಂತ ಕೆಳಗಿರಿಸಲಿಲ್ಲವೆಂದು ಅವನು ನಾಲ್ಕು ಜನರ ಮುಂದೆ ಹೇಳಬಲ್ಲನು. ತನ್ನ ಮೇಜನ್ನು ಮಾತ್ರ ಗದ್ದುಗೆಯೆಂದು ಕಾಣಲಾರನು.

ಸ್ಥಳದ ಮಾತು ಇಷ್ಟು. ಅದಕ್ಕಿಂತ ಕಠಿನವಾದುದು ಅಳತೆಯ ಮಾತು.

ರಾಯಚೂರು ಸೀಮೆಯ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳದು ಅಕ್ಕಿಯನ್ನಾಯುವ ಕಾಯಕ. ಒಮ್ಮೆ ಮಾರಯ್ಯನು ಶಿವಾನುಭವದ ಮಾತಿನಲ್ಲಿ ಮೈಮರೆತು ಕುಳಿತನು. ಕಾಯಕದ ಹೊತ್ತು ಮೀರುತ್ತಿರುವುದನ್ನು ನೆನಪಿಸಿದವಳು ಲಕ್ಕಮ್ಮ. ಗಮನಿಸಬೇಕು, ಅವನು ಕುಳಿತದ್ದು ಹರಟೆಗೆ ಅಲ್ಲ. ಕಾಯಕದ ವೇಳೆಯಲ್ಲಿ ಸತ್ಸಂಗವೂ ನೆಪವಾಗಲಾರದೆಂಬುದು ಆ ತಾಯಿಯ ನಿಷ್ಠೆ. ಅವಸರದಿಂದ ಎದ್ದುಹೋದ ಮಾರಯ್ಯನು ಅಂದು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ನಮ್ಮ ಮನೆಗಳಲ್ಲಾಗಿದ್ದರೆ ಆ ದಿನ ಸಂತೋಷದ ದಿನ. ಲಕ್ಕಮ್ಮನು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ದಿನದ ಅಳತೆಯು ಆಲಸ್ಯಕ್ಕೆ ಹೇಗೋ ಆಸೆಗೂ ಹಾಗೆಯೇ ಕಟ್ಟಿದ ಗಡಿ. ಸೋಮಾರಿಯಾದವನಿಗೆ ಇದರ ಮೊದಲರ್ಧ ಸಾಕು. ಇಂದಿನ ಬಹುಮಂದಿ ಗೃಹಸ್ಥರಿಗೆ ಬೇಕಾದುದು ಎರಡನೆಯ ಅರ್ಧ. ಒಂದು ದಿನಕ್ಕೆ ಹತ್ತು ಸಂಕಲ್ಪಗಳನ್ನು ಹೊತ್ತವನ ಚಿತ್ತವು ಒಂಬತ್ತರ ಚಿಂತೆಯಲ್ಲಿ ಹತ್ತನೆಯದನ್ನು ಕೆಡಿಸುವುದು.

ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು ಲಿಂಗವು ನೀರಿಗೆ ಜಾರಿದರೂ ಕಾಯಕ ಬಿಡಲಿಲ್ಲವೆಂಬ ಕಥೆಯನ್ನು ಕೆಲವರು ಪೂಜೆ ತಪ್ಪಿಸಲು ಆಧಾರವಾಗಿ ಹಿಡಿಯುವುದುಂಟು. ಅವರು ಚಂದಯ್ಯನಷ್ಟು ಹಗ್ಗವನ್ನು ಹೊಸೆದು ತೋರಿಸಿದರೆ ಆ ಮಾತನ್ನು ಮುಂದುವರಿಸಬಹುದು.

ವಿಭೂತಿ ಧರಿಸಿ ಮನೆಯಿಂದ ಹೊರಡುವ ಮುನ್ನ ನೇಕಾರನು ಇಂದು ಇಷ್ಟು ಮೊಳವೆಂದೂ, ವರ್ತಕನು ಇಂದಿನ ಲೆಕ್ಕ ಇಂದೇ ಎಂದೂ, ಓದುವ ಮಗನು ಇಷ್ಟು ಪುಟವೆಂದೂ ಲಿಂಗದ ಮುಂದೆ ನಿಶ್ಚಯಿಸಲಿ. ಮೊಬೈಲನ್ನು ಗೋಡೆಯ ಗೂಡಿನಲ್ಲಿರಿಸಿ, ಬೇಕಾದ ಸಾಮಗ್ರಿಯನ್ನು ಮಾತ್ರ ಮುಂದಿಟ್ಟುಕೊಂಡು ಕುಳಿತುಕೊಳ್ಳಲಿ. ಸಂಜೆಗೆ ಏನಾದರೂ ಉಳಿದರೆ ಅದನ್ನು ನಾಳೆಯ ಅಳತೆಯ ಒಳಗೆ ಸೇರಿಸಲಿ, ಅದರ ಮೇಲೆ ಪೇರಿಸುವುದು ಬೇಡ. ಹೊತ್ತಿಗೆ ಮುಂಚೆ ಮುಗಿದರೆ ಎದ್ದು ಮನೆಗೆ ಬರಲಿ. ಅಲ್ಲಿ ದಾಸೋಹವಿದೆ, ಮಕ್ಕಳಿದ್ದಾರೆ.