ನೆರೆಯವರ ಬರಿದಾದ ಪಾತ್ರೆಗಳು

ಧ್ಯಾನಭಾಗ: ಅರಸುಗಳು ಎರಡನೆಯ ಭಾಗ, 4ನೆಯ ಅಧ್ಯಾಯ, 1ರಿಂದ 7ನೆಯ ವಚನಗಳು



ಪ್ರವಾದಿಗಳ ಮಂಡಳಿಯವನೊಬ್ಬನು ಸತ್ತುಹೋದನು. ಅವನು ದೇವಭಕ್ತನಾಗಿದ್ದನು, ಆದರೂ ಅವನ ಮನೆಯಲ್ಲಿ ಸಾಲವು ಉಳಿದಿತ್ತು. ಸಾಲಕೊಟ್ಟವನು ವಿಧವೆಯ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯುವದಕ್ಕೆ ಬಂದನು. ಆಕೆಯು ಎಲೀಷನ ಬಳಿಗೆ ಹೋಗಿ ಮೊರೆಯಿಟ್ಟಳು. ಈ ಚರಿತ್ರೆಯನ್ನು ನಾವು ಎಣ್ಣೆಯ ಅದ್ಭುತವೆಂದು ಮಾತ್ರ ಓದಿ ಮುಂದಕ್ಕೆ ಹೋಗುವದುಂಟು. ಆದರೆ ಇದರ ಮೊದಲನೆಯ ವಚನದಲ್ಲಿಯೇ ಒಂದು ಭಯಂಕರವಾದ ಸಂಗತಿಯಿದೆ. ಅದೇನಂದರೆ, ಬಡವರ ಸಾಲಕ್ಕೆ ಅವರ ಮಕ್ಕಳೇ ಈಡಾಗುತ್ತಾರೆ. ನೆಹೆಮೀಯನ ದಿವಸಗಳಲ್ಲಿಯೂ ಹೊಲಗಳನ್ನು ಒತ್ತೆಯಿಟ್ಟ ಜನರು, ತಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ದಾಸತ್ವಕ್ಕೆ ಹೋದರೆಂದೂ, ಅವರನ್ನು ಬಿಡಿಸುವ ಶಕ್ತಿಯು ತಮಗಿಲ್ಲವೆಂದೂ ಗೋಳಾಡಿದರು.

ಆ ಸಾಲಕೊಟ್ಟವನು ಇಂದಿಗೂ ಸತ್ತಿಲ್ಲ. ಅವನ ವೇಷವು ಮಾತ್ರ ಬದಲಾಗಿದೆ. ಮಳೆಯು ತಪ್ಪಿದ ವರುಷದಲ್ಲಿ ಅವನು ನಗುಮುಖದಿಂದ ಬಂದು, ಪಟ್ಟಣದ ಒಳ್ಳೆಯ ಮನೆಯೊಂದರಲ್ಲಿ ಹುಡುಗಿಗೆ ಕೆಲಸವಿದೆಯೆಂದು ಹೇಳಿ, ಮುಂಗಡದ ಹಣವನ್ನು ತಾಯಿಯ ಕೈಯಲ್ಲಿಡುತ್ತಾನೆ. ಇಲ್ಲವೆ ವರದಕ್ಷಿಣೆ ಕೇಳದ ವರನನ್ನು ದೂರದಿಂದ ಕರೆತರುತ್ತಾನೆ. ಓದು ಬಾರದ ಆ ಹುಡುಗಿಯು ತಾನು ಇಳಿದ ಊರಿನ ಹೆಸರನ್ನು ಓದಲಾರಳು, ತನ್ನ ಕೂಲಿಯ ಲೆಕ್ಕವನ್ನು ಹಾಕಲಾರಳು, ಮನೆಗೆ ಒಂದು ಸಾಲನ್ನೂ ಬರೆಯಲಾರಳು. ಅವನು ಅಂಥವಳನ್ನೇ ಹುಡುಕಿ ಬರುತ್ತಾನೆ.

ನಮ್ಮ ಹಳ್ಳಿಗಳನ್ನು ಬಿಟ್ಟು ಕುಟುಂಬಸಮೇತವಾಗಿ ಪಟ್ಟಣಕ್ಕೆ ಹೋಗುವವರ ಕಷ್ಟವೂ ಸಣ್ಣದಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಮೂಡಲಪಾಳ್ಯ, ಕಾಮಾಕ್ಷಿಪಾಳ್ಯಗಳಂಥ ಕಡೆಗಳಲ್ಲಿ ಒಂದು ಬಾಡಿಗೆಯ ಕೋಣೆಯನ್ನು ಹಿಡಿದು, ತಂದೆಯು ಗಾರೆಕೆಲಸಕ್ಕೂ ತಾಯಿಯು ಮನೆಗೆಲಸಕ್ಕೂ ಹೋದರೆ, ಕೂಸನ್ನು ಎತ್ತಿಕೊಂಡು ಕೋಣೆಯಲ್ಲಿ ಉಳಿಯುವವಳು ಹಿರಿಮಗಳು. ಹಳ್ಳಿಯ ಶಾಲೆಯು ತಪ್ಪಿತು, ಪಟ್ಟಣದ ಶಾಲೆಯು ಸಿಕ್ಕಲಿಲ್ಲ. ಅವಳು ಹಗಲೆಲ್ಲಾ ಒಂಟಿಯಾಗಿರುವದನ್ನು ನೋಡುವ ಕಣ್ಣುಗಳು ಎಲ್ಲವೂ ಒಳ್ಳೆಯ ಕಣ್ಣುಗಳಲ್ಲ.

ಎಲೀಷನು ಆ ವಿಧವೆಯನ್ನು ಗದರಿಸಲಿಲ್ಲ. ಸಾಲಮಾಡಿದ್ದೇಕೆಂದು ಕೇಳಲಿಲ್ಲ. ಆಕೆಯ ಮನೆಯಲ್ಲಿ ಏನಿದೆಯೆಂದು ಕೇಳಿದನು. ಆಕೆಯ ಬಳಿಯಲ್ಲಿ ಸ್ವಲ್ಪ ಎಣ್ಣೆಯ ಹೊರತು ಏನೂ ಇರಲಿಲ್ಲ. ಪ್ರಿಯರೇ, ನಮ್ಮ ಬಡಮನೆಗಳಲ್ಲಿರುವ ಎಣ್ಣೆಯು ಯಾವದು? ದೇವರು ನಮ್ಮ ಹೆಣ್ಣುಮಕ್ಕಳಿಗೆ ಕೊಟ್ಟಿರುವ ಬುದ್ಧಿಯೇ. ಅದು ಸ್ವಲ್ಪವೆಂದು ನಾವು ಎಣಿಸುತ್ತೇವೆ. ಅದನ್ನು ಹೊಯ್ದು ನೋಡಿದವರಿಗೆ ಅದರ ಪರಿಮಾಣವು ತಿಳಿದಿದೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಹುಟ್ಟಿದ ಸಾಕ್ಷಿಯೊಬ್ಬಳಿದ್ದಾಳೆ. ಪಂಡಿತಾ ರಮಾಬಾಯಿಯು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದಳು. ಆಕೆಯ ತಂದೆಯು ಜನರ ವಿರೋಧವನ್ನು ಲಕ್ಷಿಸದೆ ತನ್ನ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದನು. ಆ ತಾಯಿಯು ಮಗಳಿಗೆ ಕಲಿಸಿದಳು. ಬರಗಾಲದಲ್ಲಿ ತಂದೆತಾಯಿಗಳನ್ನು ಕಳಕೊಂಡು ದೇಶವನ್ನೆಲ್ಲಾ ಕಾಲ್ನಡೆಯಾಗಿ ಅಲೆದ ಈ ಅನಾಥೆಗೆ ವಿದ್ಯೆಯೊಂದೇ ಆಸ್ತಿಯಾಗಿತ್ತು. ಆಕೆಯು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿ, 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಳು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋದಾಗ, ಹಸಿದ ಹುಡುಗಿಯರನ್ನು ದುರುಳರು ಒಯ್ಯುತ್ತಿರುವದನ್ನು ಕಂಡು, ನೂರಾರು ಮಂದಿಯನ್ನು ಬಿಡಿಸಿ ಕರೆತಂದಳು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಅವರಿಗೆ ಅನ್ನವನ್ನು ಮಾತ್ರ ಕೊಟ್ಟು ಸುಮ್ಮನಾಗಲಿಲ್ಲ. ಓದುಬರಹವನ್ನೂ ನೆಯ್ಗೆ, ಹೊಲಿಗೆ, ಅಚ್ಚುಕೆಲಸಗಳನ್ನೂ ಕಲಿಸಿದಳು. ಆಕೆಯು ಮರಾಠಿಗೆ ಭಾಷಾಂತರಿಸಿದ ಸತ್ಯವೇದವನ್ನು ಅಚ್ಚುಹಾಕಿದ್ದು ಆ ಮನೆಯ ಮುದ್ರಣಾಲಯದಲ್ಲಿಯೇ. ಮಾರಾಟಕ್ಕೆ ಗುರಿಯಾಗಿದ್ದಂಥ ಹುಡುಗಿಯರ ಕೈಗಳು ದೇವರ ವಾಕ್ಯದ ಅಕ್ಷರಗಳನ್ನು ಜೋಡಿಸಿದವು! ಆಕೆಯು 1922ರಲ್ಲಿ ಕರ್ತನಲ್ಲಿ ನಿದ್ರೆಹೋದಳು. ಆ ಮುಕ್ತಿಸದನವು ಇಂದಿಗೂ ನಡೆಯುತ್ತಲಿದೆ.

ಇನ್ನು ಚರಿತ್ರೆಯ ಮುಖ್ಯವಾದ ಮಾತಿಗೆ ಬರೋಣ. ಎಣ್ಣೆಯು ವಿಧವೆಯದು, ಪಾತ್ರೆಗಳು ಯಾರವು? ನೆರೆಯವರವು. ಕೊನೆಯ ಪಾತ್ರೆಯು ತುಂಬಿದ ಕೂಡಲೇ ಎಣ್ಣೆಯು ನಿಂತುಹೋಯಿತು. ದೇವರ ಕೃಪೆಯು ಮುಗಿಯಲಿಲ್ಲ, ಪಾತ್ರೆಗಳು ಮುಗಿದವು. ನಮ್ಮ ಸಭೆಯ ಹುಡುಗಿಯೊಬ್ಬಳು ಶಾಲೆಯನ್ನು ಬಿಟ್ಟರೆ, ತಾಯಿಯನ್ನು ದೂಷಿಸುವದಕ್ಕೆ ಮುಂಚೆ ನಾವು ಎಷ್ಟು ಪಾತ್ರೆಗಳನ್ನು ಕೊಟ್ಟೆವೆಂದು ಕೇಳಿಕೊಳ್ಳತಕ್ಕದ್ದು. ಒಬ್ಬ ಅಜ್ಜಿಯು ಹಗಲಲ್ಲಿ ಕೂಸನ್ನು ನೋಡಿಕೊಂಡರೆ ಅದು ಒಂದು ಪಾತ್ರೆ. ದೀಪವಿರುವ ಮನೆಯವರು ಸಂಜೆ ಓದುವದಕ್ಕೆ ಜಗಲಿಯನ್ನು ಬಿಟ್ಟುಕೊಟ್ಟರೆ ಒಂದು ಪಾತ್ರೆ. ಅಕ್ಷರ ಬಲ್ಲ ಯೌವನಸ್ಥನು ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಗೆ ಹೋಗಿಬಂದರೆ ಒಂದು ಪಾತ್ರೆ. ಸಭೆಯ ಹಿರಿಯರು ಕಾಣಿಕೆಯಿಂದ ಒಂದು ಭಾಗವನ್ನು ತೆಗೆದಿಟ್ಟು, ಬೆಳೆಯು ಕೆಟ್ಟ ವರುಷದಲ್ಲಿ ಬಡ್ಡಿಯಿಲ್ಲದೆ ಕೊಟ್ಟರೆ, ಅದು ಎಲ್ಲಕ್ಕಿಂತ ದೊಡ್ಡ ಪಾತ್ರೆ. ಯಾಕಂದರೆ ಮುಂಗಡ ತರುವವನ ಕೈ ಅಲ್ಲಿ ಸೋಲುತ್ತದೆ.

ಸರಕಾರದ ಶಾಸನಗಳೂ ನಮ್ಮ ಕಡೆಗಿವೆ. 1976ರ ಶಾಸನವು ಜೀತಪದ್ಧತಿಯನ್ನೂ ಜೀತದ ಸಾಲವನ್ನೂ ರದ್ದುಮಾಡಿತು. 2009ರ ಶಾಸನದ ಪ್ರಕಾರ 6ರಿಂದ 14 ವರುಷದ ಮಕ್ಕಳಿಗೆ ಉಚಿತವಾದ ಶಿಕ್ಷಣವು ಹಕ್ಕಾಗಿದೆ. ಊರು ಬಿಟ್ಟು ಬಂದವರ ವರ್ಗಾವಣೆ ಪತ್ರವು ತಡವಾಯಿತೆಂದು ಶಾಲೆಯು ಅವರನ್ನು ಸೇರಿಸದೆ ಇರಬಾರದು. 18 ವರುಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು. ಅಪಾಯದಲ್ಲಿರುವ ಮಗುವಿಗಾಗಿ 1098 ಎಂಬ ಸಂಖ್ಯೆಗೆ ಹಗಲಿರುಳು ದೂರವಾಣಿಯಲ್ಲಿ ಕರೆಯಬಹುದು. ಕಿತ್ತೂರು ರಾಣಿ ಚೆನ್ನಮ್ಮ, ಮೊರಾರ್ಜಿ ದೇಸಾಯಿ ಎಂಬ ಹೆಸರಿನ ವಸತಿ ಶಾಲೆಗಳು ಆರನೆಯ ತರಗತಿಯಿಂದ ಬಡಮಕ್ಕಳಿಗೆ ಊಟವಸತಿಗಳೊಡನೆ ಪಾಠ ಹೇಳುತ್ತವೆ. ಆದರೆ 14ಕ್ಕೂ 18ಕ್ಕೂ ನಡುವಿನ ನಾಲ್ಕು ವರುಷಗಳೇ ನಮ್ಮ ಹುಡುಗಿಯರು ಕೈಜಾರಿ ಹೋಗುವ ಕಾಲ. ಆ ನಾಲ್ಕು ವರುಷ ಕಾವಲಿರತಕ್ಕವರು ನಾವು.

ಓದಿದವಳೂ ಮೋಸಹೋಗಬಹುದೆಂದು ಕೆಲವರು ಹೇಳುವದುಂಟು. ನಿಜವೇ. ಆದಕಾರಣ ವಿದ್ಯೆಯ ಸಂಗಡ ಮತ್ತೊಂದು ಬೇಕು: ಮಗಳು ಅಳುತ್ತಾ ಬಂದು ಹೇಳಿದ ಮಾತನ್ನು, ಮಾನಹೋಗುವದೆಂದು ಮುಚ್ಚಿಡದೆ, ನಂಬುವ ಮನೆಯೂ ನಂಬುವ ಸಭೆಯೂ ಬೇಕು. ಯಾಯೀರನ ಮಗಳಿಗೆ ಹನ್ನೆರಡು ವರುಷ. ಜನರು ಅವಳ ಆಶೆಯನ್ನು ಬಿಟ್ಟಿದ್ದರು. ಕರ್ತನು ಅವಳ ಕೈಹಿಡಿದು ಎಬ್ಬಿಸಿ, ಅವಳಿಗೆ ಊಟ ಕೊಡಿರೆಂದು ಮನೆಯವರಿಗೆ ಅಪ್ಪಣೆಮಾಡಿದನು. ಎಬ್ಬಿಸುವವನು ಆತನು, ಊಟ ಬಡಿಸತಕ್ಕವರು ನಾವು.

ಬರುವ ಭಾನುವಾರ ಆರಾಧನೆಯು ಮುಗಿದ ಮೇಲೆ, ನಮ್ಮ ಕೇರಿಯಲ್ಲಿ ಶಾಲೆಗೆ ಹೋಗದ ಹುಡುಗಿಯರು ಯಾರು ಯಾರೆಂದು ಹೆಸರು ಹಿಡಿದು ಕೇಳೋಣ. ಕ್ರೈಸ್ತರ ಮಕ್ಕಳೆಂದೂ ಅನ್ಯರ ಮಕ್ಕಳೆಂದೂ ಭೇದವೆಣಿಸದಿರೋಣ. ಪ್ರತಿಯೊಂದು ಹೆಸರಿಗೂ ಒಂದು ಪಾತ್ರೆಯನ್ನು ತರೋಣ.

ಬಡವರ ದೇವರೇ, ನಮ್ಮ ಹೆಣ್ಣುಮಕ್ಕಳನ್ನು ಬೇಟೆಗಾರನ ಬಲೆಯಿಂದ ತಪ್ಪಿಸು. ನಮ್ಮ ಪಾತ್ರೆಗಳನ್ನು ಬಚ್ಚಿಡದಂತೆ ನಮ್ಮ ಹೃದಯಗಳನ್ನು ತೆರೆ. ಆಮೆನ್.