ಹತ್ತು ನಿಮಿಷ ನಡಿಗೆ, ಒಂದು ನಿಮಿಷ ವಿರಾಮ

ಒಬ್ಬರು ಪ್ರಾಣ ಉಳಿಸಿಕೊಳ್ಳಲು ಏರಿದ ಗುಡ್ಡವನ್ನು ಇನ್ನೊಬ್ಬರು ರಜೆಯ ಖುಷಿಗೆಂದು ಏರಬಹುದೇ? ಕುಳಿತಲ್ಲೇ ಉತ್ತರಿಸುವುದಾದರೆ ‘ಅದರಲ್ಲೇನು ತಪ್ಪು?’ ಎಂದುಬಿಡಬಹುದು. ಆದರೆ ಆ ಗುಡ್ಡದ ಮೇಲೆಯೇ ಬುತ್ತಿ ಬಿಚ್ಚಿ ಕುಳಿತಾಗ ಈ ಪ್ರಶ್ನೆ ಎದ್ದರೆ ತುತ್ತು ಗಂಟಲಲ್ಲಿ ಸ್ವಲ್ಪ ತಡೆಯುತ್ತದೆ.

ದಕ್ಷಿಣ ಫ್ರಾನ್ಸಿನಲ್ಲಿ ಪಿರೆನೀಸ್ ಪರ್ವತಸಾಲು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದು ಮುಗಿಯುವ ಒಂದು ತುದಿಯಿದೆ. ಅಲ್ಲಿನ ಕೊಲ್ಯೂರ್, ಪೋರ್ಟ್ ವಾಂದ್ರ್, ಬನ್ಯೂಲ್ ಎಂಬ ಸಣ್ಣ ಊರುಗಳನ್ನು ದಾಟಿ, ಗುಡ್ಡ ಹತ್ತಿ, ಆಚೆ ಸ್ಪೇನಿನ ಪೋರ್ಟ್‌ಬೋ ಎಂಬ ಊರಿಗೆ ಇಳಿಯುವ ನಡಿಗೆಯ ಪ್ರವಾಸಗಳಿವೆ. ಜೊತೆಗೆ ಗೈಡ್ ಇರುತ್ತಾನೆ. ನಮ್ಮ ಪೆಟ್ಟಿಗೆಗಳು ವ್ಯಾನಿನಲ್ಲಿ ನಮಗಿಂತ ಮೊದಲೇ ಹೋಟೆಲು ಸೇರಿರುತ್ತವೆ. ಹೆಗಲಿಗೆ ನೀರಿನ ಬಾಟಲಿ, ಊಟದ ಪೊಟ್ಟಣ, ಮಳೆ ಅಂಗಿ, ಅಷ್ಟೇ. ದುಡ್ಡು ಕೊಟ್ಟು ನಡೆಯಲು ಹೋಗುತ್ತೇನೆಂದಾಗ ನಮ್ಮ ಅತ್ತೆಯವರು ನನ್ನ ಮುಖವನ್ನೇ ನೋಡಿದರು. ಅವರು ಕಂಡಂತೆ ಹರಕೆ ಹೊತ್ತವರು ನಡೆಯುತ್ತಾರೆ, ಇಲ್ಲವೇ ಬಸ್ಸು ತಪ್ಪಿದವರು ನಡೆಯುತ್ತಾರೆ!

ದಾರಿ ಮಾತ್ರ ಬಲು ಚೆಲುವಾದದ್ದು. ಗುಡ್ಡದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟೆ ಕಟ್ಟಿ, ದ್ರಾಕ್ಷಿ ಬೆಳೆಸಿದ್ದಾರೆ. ಕಾಲಿಗೆ ತಗಲಿದ ಪೊದೆಗಳಿಂದ ಗಿಡಮೂಲಿಕೆಯ ಘಮ ಏಳುತ್ತದೆ. ಒಂದೊಂದು ತಿರುವಿಗೂ ಕೆಳಗೆ ನೀಲಿ ಸಮುದ್ರ. ಆದರೆ ಇಷ್ಟು ಚೆಲುವಿನ ನಾಡಿನಲ್ಲಿ ಎಷ್ಟೊಂದು ಗೋಳು ಹರಿದುಹೋಗಿದೆ! 1939ರ ಆರಂಭದಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಸೋತವರು ಚಳಿಯಲ್ಲಿ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಈ ಗಡಿಯನ್ನು ಹಾದು ಫ್ರಾನ್ಸಿಗೆ ಬಂದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಅವರಲ್ಲಿ ಸಾವಿರಾರು ಮಂದಿಯನ್ನು ಹತ್ತಿರದ ಅರ್ಜೆಲೆಸ್ ಕಡಲ ದಂಡೆಯಲ್ಲಿ, ಮುಳ್ಳುತಂತಿಯೊಳಗೆ, ಬರೀ ಮರಳಿನ ಮೇಲೆ ಕೂಡಿಹಾಕಿದರು. ಈಗ ಅಲ್ಲಿ ಬಣ್ಣದ ಕೊಡೆಗಳ ಕೆಳಗೆ ಜನ ಬಿಸಿಲು ಕಾಯಿಸುತ್ತಾರೆ. ಸ್ಪೇನಿನ ಕವಿ ಅಂತೋನಿಯೊ ಮಚಾದೊ ತನ್ನ ಮುದಿ ತಾಯಿಯೊಂದಿಗೆ ಕೊಲ್ಯೂರ್‌ವರೆಗೆ ಬಂದು, ಆ ವರ್ಷದ ಫೆಬ್ರವರಿ 22ರಂದು ಅಲ್ಲಿಯೇ ತೀರಿಕೊಂಡ. ಮೂರು ದಿನದಲ್ಲಿ ತಾಯಿಯೂ ಹಿಂಬಾಲಿಸಿದಳು.

ಮರುವರ್ಷ ಜನರ ಹರಿವು ತಿರುಗಿತು. ಹಿಟ್ಲರನ ಸೈನ್ಯ ಫ್ರಾನ್ಸನ್ನು ಸೋಲಿಸಿತ್ತು. ಈಗ ಫ್ರಾನ್ಸಿನಿಂದ ಸ್ಪೇನಿಗೆ ಓಡುವ ಸರದಿ. 1940ರ ಸೆಪ್ಟೆಂಬರ್ ಕೊನೆಯ ವಾರ ವಾಲ್ಟರ್ ಬೆಂಜಮಿನ್ ಎಂಬ ಜರ್ಮನ್ ಯಹೂದಿ ಚಿಂತಕ, ಪೋರ್ಟ್ ವಾಂದ್ರ್ ಊರಿನಲ್ಲಿ ಲೀಸಾ ಫಿಟ್ಕೊ ಎಂಬಾಕೆಯ ಬಾಗಿಲು ತಟ್ಟಿದ. ಅವನಿಗೆ 48 ವರ್ಷ, ಹೃದಯದ ಕಾಯಿಲೆ. ಆಕೆಗೆ 31. ಆಕೆಯೂ ನಾತ್ಸಿಗಳಿಂದ ತಪ್ಪಿಸಿಕೊಂಡು, ನಿರಾಶ್ರಿತರ ಶಿಬಿರದಲ್ಲಿ ಸೆರೆಯಿದ್ದು, ಅಲ್ಲಿಂದ ಪಾರಾಗಿ ಬಂದವಳೇ. ಬನ್ಯೂಲ್‌ನ ಮೇಯರ್ ಅಜೇಮಾ ಆಕೆಗೆ ಕಳ್ಳಸಾಗಣೆಯವರ ಹಳೆಯ ದಾರಿಯೊಂದನ್ನು ಗುಟ್ಟಾಗಿ ಹೇಳಿಕೊಟ್ಟಿದ್ದ. ಆ ದಾರಿಯನ್ನು ಆಕೆ ಒಮ್ಮೆಯೂ ತುಳಿದಿರಲಿಲ್ಲ. ಬಂದವನಿಗೆ ಅದನ್ನು ಮುಚ್ಚಿಡದೆ ಹೇಳಿದಳು. ಹೋಗದೆ ಉಳಿಯುವುದೇ ಹೆಚ್ಚಿನ ಅಪಾಯ ಎಂಬುದು ಅವನ ಉತ್ತರವಾಗಿತ್ತು.

ಬೆಳಕು ಹರಿಯುವ ಮೊದಲು, ದ್ರಾಕ್ಷಿತೋಟದ ಕೂಲಿಗಳು ಗುಡ್ಡ ಹತ್ತುವ ಹೊತ್ತಿಗೆ ಅವರ ನಡುವೆ ಸೇರಿಕೊಳ್ಳಬೇಕು, ಮಾತನಾಡಬಾರದು, ಸಾಮಾನು ಹೊರಬಾರದು. ಇವು ಮೇಯರ್ ಹೇಳಿದ ಎಚ್ಚರಿಕೆಗಳು. ಬೆಂಜಮಿನ್ ಕೈಯಲ್ಲಿ ಮಾತ್ರ ಒಂದು ಭಾರವಾದ ಕಪ್ಪು ಬ್ಯಾಗು. ಒಳಗಿನ ಹಸ್ತಪ್ರತಿ ತನಗಿಂತ ದೊಡ್ಡದು ಎಂದು ಅದನ್ನು ಬಿಡಲೊಲ್ಲ. ಅವನ ಜೊತೆಗೆ ಹೆನಿ ಗುರ್ಲಾಂಟ್ ಎಂಬ ಹೆಂಗಸು, ಅವಳ ಹದಿಹರೆಯದ ಮಗ. ಬ್ಯಾಗನ್ನು ಹುಡುಗನೂ ಲೀಸಾಳೂ ಸರದಿಯ ಮೇಲೆ ಹೊತ್ತರು. ಬೆಂಜಮಿನ್ ತನ್ನ ಹೃದಯವನ್ನು ತಾನೇ ಅಳೆದುಕೊಂಡು ಒಂದು ಲೆಕ್ಕ ಇಟ್ಟುಕೊಂಡಿದ್ದ: ಹತ್ತು ನಿಮಿಷ ನಡಿಗೆ, ಒಂದು ನಿಮಿಷ ವಿರಾಮ. ದಣಿವಾದ ಮೇಲೆ ನಿಂತರೆ ಮತ್ತೆ ಏಳಲಾಗದು, ದಣಿವಿಗೆ ಮುಂಚೆಯೇ ನಿಲ್ಲಬೇಕು ಎಂಬ ಯೋಚನೆ. ಆ ಗುಂಪು ಆ ಲೆಕ್ಕಕ್ಕೇ ಹೆಜ್ಜೆ ಹಾಕಿತು.

ಇಲ್ಲಿ ನನಗೆ ಲೀಸಾ ದೊಡ್ಡವಳಾಗಿ ಕಾಣುತ್ತಾಳೆ. ಹಿಂದೆ ಪೊಲೀಸರ ಭಯ, ಮುಂದೆ ಕಾಣದ ದಾರಿ. ಆದರೂ ಎಲ್ಲರಿಗಿಂತ ನಿಧಾನದವನ ನಡಿಗೆಯೇ ಎಲ್ಲರ ನಡಿಗೆಯಾಯಿತು. ಮನೆಯಲ್ಲಿ ಮುದುಕರನ್ನೂ ಮಕ್ಕಳನ್ನೂ ಒಟ್ಟಿಗೆ ದೇವಸ್ಥಾನಕ್ಕೆ ಕರೆದೊಯ್ದ ಯಾವ ಹೆಂಗಸಿಗಾದರೂ ಗೊತ್ತು, ಇದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ.

ಈಗ ಆ ದಾರಿಗೆ ಬೆಂಜಮಿನ್‌ನ ಹೆಸರಿಟ್ಟಿದ್ದಾರೆ. ಅಲ್ಲಲ್ಲಿ ಫಲಕಗಳಿವೆ. ಗಡಿಯ ಏಣಿನ ಮೇಲೆ ನಮ್ಮ ಗೈಡ್ ಊಟಕ್ಕೆ ನಿಲ್ಲಿಸಿದ. ಎರಡು ದೇಶಗಳ ಕಡಲು ಒಟ್ಟಿಗೆ ಕಾಣುವ ಜಾಗ. ಎಲ್ಲರೂ ರೊಟ್ಟಿ, ಗಿಣ್ಣು, ಆಲಿವ್ ಹೊರತೆಗೆದರು. ನಿವೃತ್ತ ಶಿಕ್ಷಕಿಯೊಬ್ಬರು ಮಾತ್ರ ಪೊಟ್ಟಣ ಬಿಚ್ಚಲಿಲ್ಲ. “ಇಲ್ಲಿ ತಿನ್ನಲು ನನಗೆ ಮನಸ್ಸು ಬಾರದು. ಸ್ಮಶಾನದಲ್ಲಿ ಪಿಕ್‌ನಿಕ್ ಮಾಡಿದ ಹಾಗಿದೆ” ಎಂದರು. ಗೈಡ್ ಆ ಕಡೆಯವನೇ. “ನಮ್ಮಜ್ಜ ಈ ಗುಡ್ಡದಲ್ಲಿ ದಿನವೂ ಕುಳಿತು ಉಣ್ಣುತ್ತಿದ್ದ. ಅವನ ತೋಟ ಇಲ್ಲೇ ಕೆಳಗೆ ಇತ್ತು ಅಮ್ಮಾ” ಎಂದ.

ನಾನು ಗೈಡ್‌ನ ಪಕ್ಷ. ದಾರಿ ದುಃಖದ ಸೊತ್ತಲ್ಲ. ಅದು ತೋಟದವರದು, ಆಡು ಕಾಯುವವರದು, ಕಳ್ಳರದು ಕೂಡ. ಅಲ್ಲಿ ಬಲ್ಲವರ ಬೆವರು ಇಲ್ಲದಿದ್ದರೆ ಓಡಿಬಂದವರಿಗೆ ದಾರಿಯೇ ಇರುತ್ತಿರಲಿಲ್ಲ. ಜನ ಅತ್ತ ನೆಲದಲ್ಲೆಲ್ಲ ನಗಬಾರದು ಎಂದು ಹೊರಟರೆ ನಗಲು ಭೂಮಿಯ ಮೇಲೆ ಗೇಣು ಜಾಗವೂ ಸಿಗದು. ರೊಟ್ಟಿ ರುಚಿಯಾಗಿತ್ತು, ನಾನು ತಿಂದೆ.

ಆದರೆ ಆ ಶಿಕ್ಷಕಿಯ ಮಾತು ಅಷ್ಟಕ್ಕೇ ಸುಮ್ಮನಾಗಲಿಲ್ಲ. ನನ್ನ ಸೊಂಟದ ಚೀಲದಲ್ಲಿ ಪಾಸ್‌ಪೋರ್ಟ್ ಇತ್ತು. ಅದರಲ್ಲಿನ ಒಂದು ವೀಸಾ ಚೀಟಿಗಾಗಿ ನಾನು ಬ್ಯಾಂಕಿನ ಲೆಕ್ಕ, ವಿಮೆ, ಹೋಟೆಲಿನ ರಸೀದಿ, ತಿರುಗಿ ಬರುವ ಟಿಕೆಟು ಎಲ್ಲವನ್ನೂ ಒಪ್ಪಿಸಿದ್ದೆ. ಅಂದರೆ, ವಾಪಸು ಹೋಗಲು ನನಗೊಂದು ಮನೆಯಿದೆ ಎಂಬುದನ್ನು ರುಜುವಾತು ಮಾಡಿದ್ದೆ. ಬೆಂಜಮಿನ್ ಬಳಿಯೂ ಕಾಗದಗಳಿದ್ದವು. ಅಮೆರಿಕದ ವೀಸಾ ಇತ್ತು, ಸ್ಪೇನ್ ಮತ್ತು ಪೋರ್ಚುಗಲ್ ಹಾದುಹೋಗುವ ಪರವಾನಗಿ ಇತ್ತು. ಫ್ರಾನ್ಸ್ ಬಿಡಲು ಬೇಕಾದ ಒಂದು ಮುದ್ರೆ ಮಾತ್ರ ಇರಲಿಲ್ಲ. ಗುಡ್ಡವನ್ನು ಗೆದ್ದು ಪೋರ್ಟ್‌ಬೋಗೆ ಇಳಿದವನಿಗೆ, ಆ ಮುದ್ರೆಯಿಲ್ಲದವರನ್ನು ಹಿಂದಕ್ಕೆ ಅಟ್ಟುತ್ತೇವೆ ಎಂದರು. ಆ ರಾತ್ರಿಯೇ ಅವನು ಮಾರ್ಫೀನ್ ನುಂಗಿದ. ಜೊತೆಗಿದ್ದ ತಾಯಿ ಮಗನನ್ನು ಆಮೇಲೆ ಮುಂದೆ ಹೋಗಲು ಬಿಟ್ಟರು. ಬ್ಯಾಗಿನೊಳಗಿನ ಹಸ್ತಪ್ರತಿ ಸಿಗಲೇ ಇಲ್ಲ.

ಸುಖಕ್ಕಾಗಿ ನಡೆಯುವುದರಲ್ಲಿ ತಪ್ಪಿಲ್ಲ ಎಂದೆ. ಆದರೆ ಸುಖಕ್ಕೆ ನಡೆಯುವವರಿಗೆ ದಾರಿ ತೆರೆದಿದ್ದು, ಜೀವಕ್ಕಾಗಿ ನಡೆಯುವವರಿಗೆ ಮುಚ್ಚಿರುವುದು ಯಾವ ನ್ಯಾಯ? ಇದು 1940ರ ಮಾತು ಮಾತ್ರ ಅಲ್ಲ. ಬನ್ಯೂಲ್ ಹೆಸರಿನದೇ ಇನ್ನೊಂದು ಕಣಿವೆ ರಸ್ತೆಯನ್ನು, ಅಕ್ರಮ ವಲಸೆಯನ್ನೂ ಭಯೋತ್ಪಾದನೆಯನ್ನೂ ತಡೆಯಬೇಕೆಂಬ ಕಾರಣ ಹೇಳಿ, 2021ರ ಜನವರಿಯಲ್ಲಿ ಫ್ರಾನ್ಸ್ ಮುಚ್ಚಿತು. ಅಡ್ಡಲಾಗಿ ಬಂಡೆಗಳನ್ನು ಇಟ್ಟರು. ಎರಡೂ ಕಡೆಯ ಹಳ್ಳಿಯವರು ಅದನ್ನು ವಿರೋಧಿಸುತ್ತಲೇ ಇದ್ದರು. ರಸ್ತೆ ಮತ್ತೆ ತೆರೆದದ್ದು 2024ರಲ್ಲಿ. ಗಡಿ ಕಾಯುವುದು ಸರ್ಕಾರಗಳ ಕೆಲಸ, ಒಪ್ಪೋಣ. ಬಾಗಿಲಿಲ್ಲದ ಮನೆ ಯಾರಿಗೂ ಬೇಡ. ಆದರೆ ಬಾಗಿಲು ತಟ್ಟಿದವರ ಮುಖವನ್ನಾದರೂ ನೋಡುವುದಕ್ಕೂ, ರಸ್ತೆಗೆ ಬಂಡೆ ಉರುಳಿಸುವುದಕ್ಕೂ ನಡುವೆ ಬಹಳ ದೂರವಿದೆ ಎಂದು ನನ್ನ ಅನಿಸಿಕೆ. ನೀವೇನೆನ್ನುತ್ತೀರೋ.

ಪೋರ್ಟ್‌ಬೋ ಸ್ಮಶಾನದ ಪಕ್ಕದಲ್ಲಿ ಇಸ್ರೇಲಿನ ಶಿಲ್ಪಿ ದಾನಿ ಕರವಾನ್ ರೂಪಿಸಿದ ಸ್ಮಾರಕವೊಂದಿದೆ. 1994ರಲ್ಲಿ ತೆರೆದದ್ದು. ಕಡಲಿನತ್ತ ಇಳಿಯುವ ತುಕ್ಕುಬಣ್ಣದ ಕಬ್ಬಿಣದ ಸುರಂಗ, ಒಳಗೆ ಮೆಟ್ಟಿಲು. ಇಳಿಯುತ್ತ ಹೋದರೆ ಒಂದು ಗಾಜು ತಡೆಯುತ್ತದೆ. ಅದರಾಚೆ ಮೆಟ್ಟಿಲು ಮುಂದುವರಿಯುತ್ತದೆ, ಕೆಳಗೆ ನೀರು ಕುದಿಯುತ್ತಿರುತ್ತದೆ. ಆ ಶಿಕ್ಷಕಿ ಅಲ್ಲಿ ಮೇಲಿನ ಮೆಟ್ಟಿಲ ಮೇಲೆ ಕುಳಿತು, ಮಧ್ಯಾಹ್ನದ ಪೊಟ್ಟಣ ಬಿಚ್ಚಿ ನಿಧಾನವಾಗಿ ತಿಂದರು. ಯಾರೂ ಏನೂ ಕೇಳಲಿಲ್ಲ.

ಬೆಂಜಮಿನ್ ಸತ್ತ ಸುದ್ದಿ ಲೀಸಾಗೆ ಆಮೇಲೆ ತಿಳಿಯಿತು. ಆಕೆ ಆ ದಾರಿ ಬಿಡಲಿಲ್ಲ. ಗಂಡ ಹಾನ್ಸ್‌ನೊಂದಿಗೆ ಬನ್ಯೂಲ್‌ನಲ್ಲಿಯೇ ನೆಲೆಸಿ, 1941ರ ವಸಂತದವರೆಗೆ ಮತ್ತೆ ಮತ್ತೆ ಆ ಗುಡ್ಡ ಹತ್ತಿದಳು, ಪ್ರತಿ ಸಲವೂ ಬೇರೆ ಬೇರೆ ಜನರೊಂದಿಗೆ. ಅವರಲ್ಲಿ ಹೆಚ್ಚಿನವರು ಹೆಸರುವಾಸಿಗಳಲ್ಲ.